ಮಾತು ನಿಂತ ಜಾಗ

ಪರದೆಯ ಮೇಲೆ ಹಣಿಗೆಯ ಚಿತ್ರವಿತ್ತು. ದಿನಾ ತಲೆ ಬಾಚುವ ವಸ್ತು, ಆದರೂ ಅದರ ಹೆಸರು ನನ್ನ ಬಾಯಿಂದ ಹೊರಡಲಿಲ್ಲ. ಮಿದುಳಿನ ಗಡ್ಡೆ ತೆಗೆಯುವ ಮೊದಲು ನನ್ನ ಮಾತು ಎಲ್ಲಿದೆಯೆಂದು ತಿಳಿಯಲು, ಬೆಂಗಳೂರಿನ ಆಸ್ಪತ್ರೆಯಲ್ಲಿ ನಮ್ಮ ಕಡೆಯವರೇ ಆದ ವೈದ್ಯರೊಬ್ಬರು ತಲೆಗೆ ಅಯಸ್ಕಾಂತದ ಸುರುಳಿ ಹಿಡಿದಿದ್ದರು. ಅದರ ಮಿಡಿತ ಮಾತಿನ ಜಾಗಕ್ಕೆ ತಾಗಿದರೆ ಮಾತು ಅರೆಕ್ಷಣ ನಿಲ್ಲುತ್ತದೆ. ಸುರುಳಿಯ ಟಕಟಕ ನಿಂತ ಕೂಡಲೇ “ಹಣಿಗಿ!” ಎಂದೆ.

“ನಿಮ್ಮ ಮಾತು ಇಲ್ಲೇ ಐತ್ರಿ. ಆಪರೇಷನ್‌ದಾಗ ಈ ಜಾಗಾ ಮುಟ್ಟಂಗಿಲ್ಲ,” ಎಂದರು ವೈದ್ಯರು.

ನಾನು ಬಸ್ ಕಂಡಕ್ಟರ್. ಮಾತು ಹೋದರೆ ಕೆಲಸವೂ ಹೋದಂತೆಯೇ. “ಹಂಗಾರ ಪೂರಾ ಹುಡುಕ್ರಿ ಸರ್, ಒಂದು ಜಾಗಾನೂ ಬಿಡಬ್ಯಾಡ್ರಿ,” ಎಂದು ಮತ್ತೆ ತಲೆಯೊಡ್ಡಿ ಕುಳಿತೆ.

ಶಸ್ತ್ರಚಿಕಿತ್ಸೆ ಮುಗಿದು ಬ್ಯಾಡಗಿ–ರಾಣೆಬೆನ್ನೂರು ಬಸ್ಸಿಗೆ ಮರಳಿದ್ದೇನೆ. ಒಮ್ಮೊಮ್ಮೆ ಊರಿನ ಹೆಸರು ಹೇಳುವಾಗ ತಡವರಿಸುತ್ತೇನೆ. ಆದರೆ ಸುಮ್ಮನಾಗುವುದಿಲ್ಲ. “ಮೋಟೆಬೆನ್ನೂರ ಇಳಿಯೋರು ಬರ್ರಿ” ಎಂದು ಪೂರ್ತಿ ಕೂಗಿದ ಮೇಲೆಯೇ ಸೀಟಿ ಊದುತ್ತೇನೆ.