ಸ್ಮಾರ್ಟ್ ಬೋರ್ಡಿನ ಮೂಲೆಯ ಕುಂಕುಮ

ಗೆಳೆಯರೇ, ಇವತ್ತು ನಾನು ಗೆದ್ದೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಮಂಡಿಕಲ್ ಕಡೆಯ ನಮ್ಮ ಶಾಲೆಯ ಸ್ಮಾರ್ಟ್ ಬೋರ್ಡ್ ದಸರಾ ರಜೆ ಮುಗಿದಾಗಿನಿಂದ ಮುನಿಸಿಕೊಂಡಿತ್ತು. ಎಲ್ಲಿ ಮುಟ್ಟಿದರೂ ಬಾಣದ ಗುರುತು ಕೆಳಗಿನ ಎಡ ಮೂಲೆಗೆ ಓಡಿಹೋಗಿ ಅಲ್ಲೇ ನಿಲ್ಲುತ್ತಿತ್ತು. ಬೆಳಿಗ್ಗೆ ಏಳನೇ ತರಗತಿಗೆ ರೇಷ್ಮೆಹುಳುವಿನ ವಿಡಿಯೊ ತೋರಿಸೋಣವೆಂದು ಕೈಯಿಟ್ಟೆ. ಹೊಸದಾಗಿ ಬಂದಿರುವ ಗಣಿತದ ಮೇಷ್ಟ್ರು ಬಾಗಿಲಲ್ಲೇ ನಿಂತು, "ಮುಟ್ಬೇಡಿ ಮೇಡಂ, ಇದು ನಿಮ್ಮ ಚಾಕ್‌ಪೀಸ್ ಬೋರ್ಡಲ್ಲ. ಬೆಂಗಳೂರಿಂದ ಇಂಜಿನಿಯರ್ರೇ ಬರ್ಬೇಕು" ಎಂದರು. ಮಕ್ಕಳು ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಈ ಬೋರ್ಡ್ ಬಳಸುವ ತರಬೇತಿಯಲ್ಲಿ ಮೇಷ್ಟ್ರು ಮೊಬೈಲ್ ನೋಡುತ್ತಿದ್ದಾಗ ನಾನು ನೋಟ್ಸ್ ಬರೆದುಕೊಂಡಿದ್ದೆ. ಆ ಪುಸ್ತಕ ತೆಗೆದೆ. ಬೆರಳನ್ನು ಗುರುತಿಸುವ ಸೆನ್ಸರ್‌ಗಳು ಚೌಕಟ್ಟಿನ ಒಳ ಅಂಚಿನಲ್ಲಿವೆ, ಅವಕ್ಕೆ ಏನೂ ಅಡ್ಡ ಇರಬಾರದು ಎಂದಿತ್ತು. ಬಗ್ಗಿ ನೋಡಿದರೆ, ಆಯುಧಪೂಜೆಗೆ ಹೆಡ್‌ಮಾಸ್ಟರ್ ಇಟ್ಟ ಗಂಧ ಕುಂಕುಮ ಅದೇ ಮೂಲೆಯಲ್ಲಿ ಗಟ್ಟಿಯಾಗಿ ಕೂತಿದೆ!

ಬೋರ್ಡ್ ಆಫ್ ಮಾಡಿ, ಒಣಬಟ್ಟೆಯಲ್ಲಿ ಉಜ್ಜಿ ಒರೆಸಿ, ಮತ್ತೆ ಆನ್ ಮಾಡಿ ಮುಟ್ಟಿದೆ. ಹುಳು ಬೋರ್ಡಿನ ತುಂಬ ಗೂಡು ಕಟ್ಟತೊಡಗಿತು. "ಮಿಸ್ಸೇ ಸರಿ ಮಾಡ್ಬಿಟ್ರು ಕಣ್ರೋ!" ಎಂದು ಹುಡುಗಿಯೊಬ್ಬಳು ಕೂಗಿದಳು. ಗದ್ದಲ ಕೇಳಿ ಓಡಿಬಂದ ಹೆಡ್‌ಮಾಸ್ಟರ್, "ಚೆನ್ನಾಗ್ ಕೆಲ್ಸ ಮಾಡ್ಲಿ ಅಂತಾನೇ ಇಟ್ಟಿದ್ದು ಕಣಮ್ಮ" ಎಂದು ತಲೆ ಕೆರೆದುಕೊಂಡರು.

"ಹೆಂಗ್ ಮಾಡಿದ್ರಿ ಮೇಡಂ?" ಎಂದರು ಗಣಿತದ ಮೇಷ್ಟ್ರು, ಮೆಲ್ಲಗೆ.

"ಮೂವತ್ತು ವರ್ಷದಿಂದ ಬೋರ್ಡ್ ಒರೆಸ್ತಾ ಇದೀನಪ್ಪ" ಎಂದೆ.