ಹಡಗಿನ ಮೇಜಿನಲ್ಲಿ ಮಗನ ಮಾತು

ಶಾಂತಕುಮಾರಿ ಮೊದಲ ಸಲ ಸಮುದ್ರ ಕಂಡಿದ್ದು ಮಗ ಶಶಿಕಿರಣ್ ಮೂರನೇ ಕ್ಲಾಸಿನಲ್ಲಿದ್ದಾಗ. ಧರ್ಮಸ್ಥಳಕ್ಕೆ ಹೋದವರು ಹಾಗೇ ಮಂಗಳೂರಿಗೆ ಇಳಿದಿದ್ದರು. ಸೀರೆಯ ನೆರಿಗೆಯೆಲ್ಲ ಒದ್ದೆಯಾಯಿತೆಂದು ಗೊಣಗಿ ಅವಳು ಎಲ್ಲರನ್ನೂ ಬೇಗ ಹೊರಡಿಸಿಬಿಟ್ಟಿದ್ದಳು. ಅಂಥವಳು ಅರವತ್ತು ದಾಟಿದ ಮೇಲೆ ಮೂರು ತಿಂಗಳಿಗೂ ಹೆಚ್ಚು ಕಾಲ ಹಡಗಿನಲ್ಲಿ ಕಳೆಯಬೇಕಾಯಿತು.

ಅದು ಗಂಡ ಗೌರೀಶಂಕರನ ತೀರ್ಮಾನ. ಹಾಸನದಲ್ಲಿ ಅವರದು ಪಂಪ್‌ಸೆಟ್ ಅಂಗಡಿ. ಅಪ್ಪ ಗಲ್ಲಾದಲ್ಲಿ ಕೂತರೆ ಮಗ ದುದ್ದ, ಅರಕಲಗೂಡು, ಮಲ್ಲಿಪಟ್ಟಣದ ಕಡೆಯೆಲ್ಲ ಬೈಕಿನಲ್ಲಿ ಓಡಾಡಿ ಮೋಟಾರು ಕೂರಿಸಿ ಬರುತ್ತಿದ್ದ. ಎರಡು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಶಶಿಕಿರಣ್ ಶಟಲ್ ಆಡಿ ಬಂದು, "ಅಮ್ಮಾ, ನೀರು ಕೊಡು," ಎಂದು ಮೆಟ್ಟಿಲ ಮೇಲೆ ಕೂತ. ಶಾಂತಕುಮಾರಿ ಲೋಟ ಹಿಡಿದು ಬರುವಷ್ಟರಲ್ಲಿ ಪಕ್ಕಕ್ಕೆ ವಾಲಿದ್ದ. ಆಸ್ಪತ್ರೆಯಲ್ಲಿ ಹೃದಯಾಘಾತ ಎಂದರು. ಅವನಿಗಿನ್ನೂ ಮೂವತ್ತೊಂದು, ಮದುವೆಯೂ ಆಗಿರಲಿಲ್ಲ.

ಆಮೇಲೆ ಹಾಸನದಲ್ಲಿ ಹೊರಗೆ ಕಾಲಿಡುವುದೇ ಕಷ್ಟವಾಯಿತು. ತರಕಾರಿ ಮಾರ್ಕೆಟ್ಟಿನಲ್ಲಿ, ಬ್ಯಾಂಕಿನಲ್ಲಿ, ಮದುವೆ ಛತ್ರದಲ್ಲಿ ಜನ ತಲೆ ಒಂದು ಕಡೆ ಓರೆ ಮಾಡಿ ನೋಡುತ್ತಿದ್ದರು. "ಮೊದ್ಲೇ ಏನಾರ ತೊಂದ್ರೆ ಇತ್ತಾ ಸಾ? ಸಿಗ್ರೇಟು ಗಿಗ್ರೇಟು ಏನಾರ...?" ಎಂದು ಕೇಳುತ್ತಿದ್ದರು. ಕೇಳುವವರಿಗೂ ಮನೆಯಲ್ಲಿ ಆ ವಯಸ್ಸಿನ ಮಕ್ಕಳಿರುತ್ತಿದ್ದರು, ಹೆದರಿಕೆಗೇ ಕೇಳುತ್ತಿದ್ದರೇನೋ. ಗೌರೀಶಂಕರನಿಗೆ ಅದನ್ನೆಲ್ಲ ಯೋಚಿಸುವ ತಾಳ್ಮೆ ಉಳಿದಿರಲಿಲ್ಲ. ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟ. ಒಂದು ದಿನ ಟ್ರಾವೆಲ್ಸಿಗೆ ಹೋಗಿ, ಮುಂಬೈಯಿಂದ ಹೊರಟು ಆಫ್ರಿಕಾ ಬಳಸಿ ಯೂರೋಪು ಮುಟ್ಟಿ ಹಿಂದಿರುಗುವ ಹಡಗಿಗೆ ಇಬ್ಬರ ಹೆಸರನ್ನೂ ಬರೆಸಿ ಬಂದ.

"ನನ್ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?" ಎಂದಳು ಶಾಂತಕುಮಾರಿ.

"ಕೇಳಿದ್ರೆ ಬ್ಯಾಡ ಅಂತಿದ್ದೆ. ಅಲ್ಲಿ ನಮ್ಮನ್ನ ಬಲ್ಲೋರು ಒಬ್ರೂ ಇರಲ್ಲ ಕಣೆ. ನಂಗೆ ಅಷ್ಟು ಸಾಕು."

ಮೊದಲ ಕೆಲವು ದಿನ ಅವಳು ಹೊಟ್ಟೆ ತೊಳಸಿ ಮಲಗಿದ್ದೇ ಹೆಚ್ಚು. ಕೋಣೆ ಹಾಸನದ ಮನೆಯ ಅಡುಗೆಮನೆಯಷ್ಟೂ ಇರಲಿಲ್ಲ. ಮಂಚದ ತುದಿಯಲ್ಲಿ ಕೂತು ಅಂಗೈಯಲ್ಲಿ ಲಿಂಗವಿಟ್ಟುಕೊಂಡರೆ, ಹಡಗಿನ ತೂಗಾಟಕ್ಕೆ ವಿಭೂತಿಯ ಗಟ್ಟಿ ತಟ್ಟೆಯಲ್ಲಿ ಅತ್ತಿಂದಿತ್ತ ಜಾರುತ್ತಿತ್ತು. ಊದುಬತ್ತಿ ಹಚ್ಚಿದ ದಿನ ಎಲ್ಲೋ ಗಂಟೆ ಬಡಿದುಕೊಂಡು ಸಿಬ್ಬಂದಿ ಓಡಿ ಬಂದರು. ಒಗೆದ ಸೀರೆಯನ್ನು ಬಾಲ್ಕನಿಯ ಕಂಬಿಗೆ ಹರವಿದ್ದಕ್ಕೂ ನಗುನಗುತ್ತಲೇ ಬುದ್ಧಿ ಹೇಳಿಹೋದರು.

ನಿಧಾನಕ್ಕೆ ದಾರಿಗಳು ಕಂಡವು. ಕೆಳಗಿನ ಅಂತಸ್ತಿನಲ್ಲಿ ಪ್ರಯಾಣಿಕರೇ ಬಟ್ಟೆ ಒಗೆದುಕೊಳ್ಳುವ ಕೋಣೆಯಿತ್ತು. ಎಲ್ಲರೂ ತಿಂಡಿಗೆ ಹೋದಾಗ ಮೆಷಿನ್ನು ಖಾಲಿ ಇರುತ್ತಿತ್ತು. ಅಡುಗೆಯವರಲ್ಲಿ ಪಾಲಕ್ಕಾಡಿನವನೊಬ್ಬ ಕೇಳಿದರೆ ಮೊಸರನ್ನ ಕಲಸಿಕೊಡುತ್ತಿದ್ದ. ಬೆಳಿಗ್ಗೆ ಮೇಲಿನ ಅಟ್ಟಣೆಯಲ್ಲಿ ನಡೆಯುವವರ ಮುಖ ಪರಿಚಯವಾಯಿತು. ಗಡಿಯಾರವನ್ನು ಆಗಾಗ ಹಿಂದಕ್ಕೆ ತಿರುಗಿಸಬೇಕಾಗುತ್ತಿತ್ತು. ದಡ ಕಾಣದ ದಿನಗಳಲ್ಲಿ ಇಂದು ಯಾವ ವಾರ ಎಂಬುದೂ ಮರೆತುಹೋಗುತ್ತಿತ್ತು.

ರಾತ್ರಿಯೂಟಕ್ಕೆ ಮಾತ್ರ ಪ್ರಯಾಣ ಪೂರ್ತಿ ಅದೇ ಮೇಜು, ಅದೇ ಜನ. ಇವರ ಎದುರಿಗೆ ಮೈಸೂರಿನ ಪರಮೇಶ್, ಅವರ ಹೆಂಡತಿ ಸುವರ್ಣಮ್ಮ. ಪರಮೇಶ್ ವಿದ್ಯುತ್ ಇಲಾಖೆಯಲ್ಲಿದ್ದು ನಿವೃತ್ತರಾದವರು, ಮಾತು ಕಡಿಮೆ. ಸುವರ್ಣಮ್ಮನಿಗೆ ಕನ್ನಡದವರು ಸಿಕ್ಕಿದ್ದೇ ಹಬ್ಬವಾಗಿತ್ತು. ಕೂತ ಮೊದಲ ದಿನವೇ ಕೇಳಿದಳು, "ನಿಮಗೆ ಎಷ್ಟು ಜನ ಮಕ್ಕಳು?"

ಗೌರೀಶಂಕರ ಚಪಾತಿ ಮುರಿಯುತ್ತಾ, "ಒಬ್ನೇ ಮಗ. ಶಶಿಕಿರಣ್ ಅಂತ. ಅಂಗಡಿ ಎಲ್ಲಾ ಅವನೇ ನೋಡ್ಕತಾನೆ. ಅವನಿರೋದಕ್ಕೇ ನಾವಿಬ್ರು ಇಂಗೆ ಬರಕ್ಕಾಗಿದ್ದು," ಎಂದ.

ಕೋಣೆಗೆ ಬಂದು ಬಾಗಿಲು ಹಾಕಿದ ಮೇಲೆ ಅವಳು, "ಯಾಕ್ರೀ ಅಂಗಂದ್ರಿ?" ಎಂದಳು.

"ಇನ್ನೇನ್ ಅನ್ಬೇಕಿತ್ತು? ಬಾಯಿಗೆ ಅದೇ ಬಂತು."

ಮರುದಿನವೂ ಅದೇ ಬಂತು. ಮಲ್ಲಿಪಟ್ಟಣದಲ್ಲಿ ಬೋರ್‌ವೆಲ್ಲಿನೊಳಗೆ ಸಿಕ್ಕಿಕೊಂಡ ಮೋಟಾರನ್ನು ಮಗ ಹೇಗೆ ಎತ್ತಿದ ಎಂದು ಗೌರೀಶಂಕರ ವರ್ಣಿಸಿದ. ಇನ್ನೊಂದು ಸಂಜೆ ಹೊಳೆನರಸೀಪುರದ ಗಿರಾಕಿಯೊಬ್ಬನಿಗೂ ಮಗನಿಗೂ ಆದ ಜಗಳದ ಕಥೆ. ಎಲ್ಲವೂ ನಡೆದದ್ದೇ, ಕಾಲವೊಂದು ಬೇರೆ. ಮನೆಯಲ್ಲಿ ಎರಡು ವರ್ಷದಿಂದ ಮಗನ ಹೆಸರೆತ್ತದ ಮನುಷ್ಯ ಇಲ್ಲಿ ಕೈಯಾಡಿಸಿಕೊಂಡು ಅವನ ಬಗ್ಗೆ ಮಾತಾಡುತ್ತಿದ್ದ. ಹೊಟ್ಟೆ ತುಂಬ ಉಣ್ಣುತ್ತಿದ್ದ. ಶಾಂತಕುಮಾರಿ ಸುಮ್ಮನೆ ಕೇಳುತ್ತಿದ್ದವಳು ಒಂದು ಸಂಜೆ ತಾನೇ, "ಅವನಿಗೆ ಅವರೆಕಾಳು ಉಪ್ಪಿಟ್ಟು ಮಾಡಿದ್ರೆ ಮಧ್ಯಾಹ್ನ ಊಟಾನೇ ಬ್ಯಾಡ ಅಂತಾನೆ," ಎಂದಳು. 'ಅಂತಾನೆ' ಎಂದು ನಾಲಗೆ ತಾನಾಗಿಯೇ ಹೊರಳಿತು. ಅದು ತಪ್ಪೆಂದು ಗೊತ್ತಿತ್ತು. ಆದರೂ ಅಂದಿನಿಂದ ಅವಳು ಸಂಜೆಯಾಗುವುದನ್ನೇ ಕಾಯತೊಡಗಿದಳು.

ಕೇಪ್‌ಟೌನ್ ದಾಟಿದ ಮೇಲೆ ಒಂದು ಬೆಳಿಗ್ಗೆ ಸುವರ್ಣಮ್ಮ ಒಗೆಯುವ ಕೋಣೆಗೆ ಹುಡುಕಿಕೊಂಡು ಬಂದಳು. ಮುಖದಲ್ಲಿ ಸಂಭ್ರಮ. ಫೋನು ಮುಂದೆ ಹಿಡಿದಳು. ಹಸಿರು ಚೂಡಿದಾರದ ಹುಡುಗಿ, ನಕ್ಕರೆ ಗುಳಿ ಬೀಳುವ ಕೆನ್ನೆ.

"ನಮ್ಮ ತಮ್ಮನ ಮಗಳು ದಿವ್ಯಾ. ಚನ್ನರಾಯಪಟ್ಟಣದಲ್ಲಿ ಲೆಕ್ಚರರ್. ನಮ್ಮಲ್ಲೇ ಒಳ್ಳೇ ಹುಡುಗ ಸಿಗಲಿ ಅಂತ ಕಾಯ್ತಿದ್ದೀವಿ. ನಿಮ್ಮ ಮಗನ ವಿಷಯ ದಿನಾ ಕೇಳಿ ಕೇಳಿ ನಂಗೆ ಆಸೆ ಹುಟ್ಟಿಬಿಟ್ಟಿದೆ. ನಿನ್ನೆ ಅವಳ ಕಿವಿಗೂ ಒಂದು ಮಾತು ಹಾಕಿದೆ. ಬೇಡ ಅನ್ನಲಿಲ್ಲ ಹುಡುಗಿ. ಒಂದು ಫೋಟೋ ಕೊಡಿ, ಕಳಿಸ್ತೀನಿ."

ಮೆಷಿನ್ನು ಸೀರೆಯನ್ನು ತಿರುಗಿಸುತ್ತಿತ್ತು. ಶಾಂತಕುಮಾರಿ ಅದನ್ನೇ ನೋಡುತ್ತಾ ನಿಂತಳು. 'ಅವನಿಗೆ ಈಗಲೇ ಮದುವೆ ಬೇಡವಂತೆ' ಎಂದರೆ ಮುಗಿಯುತ್ತಿತ್ತು. ಆ ಮಾತು ನಾಲಗೆಯ ತುದಿಗೂ ಬಂತು. ಆದರೆ ಫೋನಿನಲ್ಲಿ ನಗುತ್ತಿದ್ದ ಹುಡುಗಿ ಅಲ್ಲೆಲ್ಲೋ ಇವನ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಂಡಿರಬಹುದು ಎನ್ನಿಸಿ ಅದನ್ನು ನುಂಗಿಕೊಂಡಳು.

"ಸುವರ್ಣಮ್ಮಾರೆ, ಮಗ ಇಲ್ಲ," ಎಂದಳು. "ಎರಡು ವರ್ಷ ಆಯ್ತು. ಶಟಲ್ ಆಡಿ ಬಂದ. ನೀರು ಕೇಳ್ದ. ಲೋಟ ತಂದೆ. ಅಷ್ಟ್ರಲ್ಲಿ ಹೊಂಟೋಗಿದ್ದ."

ಸುವರ್ಣಮ್ಮ ಗೋಡೆ ಹಿಡಿದು ಬೆಂಚಿನ ಮೇಲೆ ಕೂತಳು. ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕೆಂಪಗಾದ ಮುಖವೆತ್ತಿ, "ದಿನಾ ರಾತ್ರಿ ನಮ್ಮ ಎದುರಿಗೆ ಕೂತು... ಇಬ್ಬರೂ..." ಎಂದಳು. "ನಾನು ಆ ಹುಡುಗಿಗೆ ಏನಂತ ಹೇಳಲಿ ಈಗ?" ಎಂದು ಎದ್ದುಹೋದಳು.

ಶಾಂತಕುಮಾರಿ ಒದ್ದೆ ಸೀರೆಯನ್ನು ಹಾಗೇ ಬಕೆಟ್ಟಿಗೆ ತುಂಬಿಕೊಂಡು ಕೋಣೆಗೆ ಬಂದಳು. ನಡೆದದ್ದನ್ನು ಗಂಡನಿಗೆ ಹೇಳಿದಳು. ಗೌರೀಶಂಕರ ಬಾಲ್ಕನಿಯ ಕುರ್ಚಿಯಿಂದ ಏಳಲಿಲ್ಲ. ತುಂಬ ಮೆಲ್ಲಗೆ, "ಇಲ್ಲೂ ಸಾಯಿಸ್ಬುಟ್ಯಲ್ಲೇ ಅವನ್ನ," ಎಂದ.

ಆ ಮಾತು ಅವಳ ಎದೆಗೆ ನಾಟಿತು. ಹಾಸನದಲ್ಲಾಗಿದ್ದರೆ ಪಕ್ಕದ ಮೊಸಳೆ ಎಂಬ ಊರಿನ ತವರಿಗಾದರೂ ಬಸ್ಸು ಹತ್ತಿ ಹೋಗುತ್ತಿದ್ದಳು. ಇಲ್ಲಿ ಎಲ್ಲಿಗೆ ಹೋಗುವುದು? ಒಂದೇ ಕೋಣೆ, ಒಂದೇ ಮಂಚ, ಸುತ್ತ ನೀರು. ಗಂಡ ಊಟದ ಹಾಲಿಗೆ ಬರುವುದನ್ನು ನಿಲ್ಲಿಸಿದ. ತಟ್ಟೆ ಕೋಣೆಗೇ ಬರುತ್ತಿತ್ತು, ಅರ್ಧ ಹಾಗೇ ವಾಪಸು ಹೋಗುತ್ತಿತ್ತು. ಸ್ನಾನಕ್ಕೆ, ಔಷಧಿಗೆ ಬೇಕಾದಷ್ಟೇ ಮಾತು.

ಅವಳು ಎರಡು ರಾತ್ರಿ ತಾನೂ ಊಟಕ್ಕೆ ಹೋಗಲಿಲ್ಲ. ಮೂರನೆಯ ರಾತ್ರಿ ಒಬ್ಬಳೇ ಹೋಗಿ ಮೇಜಿನ ಹತ್ತಿರ ನಿಂತಳು. ಪರಮೇಶ್ ಎದ್ದು ಕುರ್ಚಿ ಎಳೆದುಕೊಟ್ಟರು. ಸುವರ್ಣಮ್ಮ ಮುಖ ನೋಡದೆಯೇ ಮೊಸರಿನ ಬಟ್ಟಲನ್ನು ಇವಳತ್ತ ತಳ್ಳಿದಳು. ಊಟ ಮುಗಿಯುವ ಹೊತ್ತಿಗೆ, "ದಿವ್ಯಾಗೆ ನಿಜಾನೇ ಹೇಳಿದೆ. ಅತ್ತಳು," ಎಂದಳು. ಮತ್ತೆ ತಡೆದು ತಡೆದು, "ಆ ಹೊಳೆನರಸೀಪುರದ ಗಿರಾಕಿ ಜಗಳ... ಅದು ನಿಜವಾ?" ಎಂದು ಕೇಳಿದಳು.

"ನಿಜ. ಅಷ್ಟೂ ನಿಜ."

"ಹಂಗಾದ್ರೆ ಆಮೇಲೆ ಏನಾಯ್ತು ಅದರದ್ದು? ನಿಮ್ಮನೆಯವರು ಅವತ್ತು ಅರ್ಧಕ್ಕೇ ಬಿಟ್ಟರು."

ಶಾಂತಕುಮಾರಿ ಹೇಳಿದಳು. 'ಬಂದಿದ್ದ', 'ಬೈದಿದ್ದ', 'ನಗ್ತಿದ್ದ' ಎಂದು ಹೇಳುವಾಗ ಪ್ರತಿ ಮಾತೂ ಕಲ್ಲು ಎತ್ತಿಟ್ಟಂತಾಗುತ್ತಿತ್ತು. ಆದರೂ ಕೊನೆಯವರೆಗೆ ಹೇಳಿದಳು.

ಕೋಣೆಗೆ ಮರಳಿದಾಗ ಗೌರೀಶಂಕರ ಎದ್ದೇ ಇದ್ದ. ಅವಳು ಸೀರೆ ಬದಲಿಸಿ ಬರುವವರೆಗೆ ಕಾದು, "ಅವತ್ತು ಆಯಮ್ಮಂಗೆ ಎಂಗೆ ಹೇಳ್ದೆ?" ಎಂದು ಕೇಳಿದ.

"ಏನನ್ನ?"

"ಅವ್ನು ಹೋಗಿದ್ದನ್ನ. ಯಾವ್ ಮಾತಲ್ಲಿ ಹೇಳ್ದೆ?"

ಅವಳು ಹೇಳಿದಳು. ಶಟಲ್, ನೀರು, ಲೋಟ. ಗೌರೀಶಂಕರ ಕಣ್ಣುಮುಚ್ಚಿ ಕೇಳಿದ. "ಇನ್ನೊಂದ್ಸಲ ಹೇಳು," ಎಂದ. ಅವಳು ಮತ್ತೆ ಹೇಳಿದಳು. ಆಗ ಅವನು ತುಟಿಯಾಡಿಸಿ ಅವಳ ಹಿಂದೆಯೇ ಹೇಳಲು ನೋಡಿದ. 'ನೀರು ಕೇಳ್ದ' ಎನ್ನುವಲ್ಲಿಗೆ ನಿಂತುಹೋಯಿತು. ಅವಳು ಕೈ ಹಿಡಿದುಕೊಂಡಳು. ಮುಂದೆ ಹೇಳೆಂದು ಒತ್ತಾಯಿಸಲಿಲ್ಲ.

ಪ್ರಯಾಣ ಇನ್ನೂ ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ಕೆಲವು ದಿನ ಬಿಟ್ಟು ಗೌರೀಶಂಕರ ಊಟದ ಹಾಲಿಗೆ ಬಂದ. ಯಾರೂ ಏನೂ ಕೇಳಲಿಲ್ಲ. ಅವನೂ ಮೊದಲಿನ ಹಾಗೆ ಕೈಯಾಡಿಸಿ ಮಾತಾಡಲಿಲ್ಲ. ಲಿಸ್ಬನ್ನಿನ ಬೀದಿಗಳನ್ನು ನಾಲ್ವರೂ ಒಟ್ಟಿಗೆ ನೋಡಿದರು. ಆದರೆ ಶಾಂತಕುಮಾರಿಗೆ ಗಂಡನ ಆ ಮೊದಲಿನ ಹಸಿವು ನೆನಪಾಗುತ್ತಿತ್ತು. ತಾನು ಮಾಡಿದ್ದು ಸರಿಯೇ ಎಂದು ಗೊತ್ತಿದ್ದರೂ, ಅವನ ತಟ್ಟೆಯಲ್ಲಿ ಉಳಿದ ಅನ್ನ ಕಂಡಾಗಲೆಲ್ಲ ಒಳಗೆ ಚುರುಕ್ಕೆನ್ನುತ್ತಿತ್ತು.

ಹಾಸನಕ್ಕೆ ಬಂದ ಮೇಲೆ ಜನ ಹಡಗಿನ ಊಟ, ಹಡಗಿನ ಈಜುಕೊಳ ಎಂದು ಕೇಳಿದರು; ಅವಳೇ ಉತ್ತರಿಸಿದಳು. ವಾರ ಕಳೆದು ಒಂದು ಬೆಳಿಗ್ಗೆ ಗೌರೀಶಂಕರ ಕ್ಷೌರಕ್ಕೆ ಹೋದವನು ತಡವಾಗಿ ಬಂದ. ಕ್ಷೌರದಂಗಡಿಯ ತಿಮ್ಮಪ್ಪ ಶಶಿಕಿರಣನಿಗೂ ಕೂದಲು ಕತ್ತರಿಸುತ್ತಿದ್ದವನು, ಮಣ್ಣಿಗೂ ಬಂದಿದ್ದವನು.

"ತಿಮ್ಮಪ್ಪಂಗೆ ಹೇಳ್ದೆ ಇವತ್ತು," ಎಂದ ಗೌರೀಶಂಕರ, ಬಾಗಿಲಲ್ಲೇ ನಿಂತು. "ನಮ್ ಶಶಿ ಹೋಗಿದ್ದನ್ನ. ಪೂರ್ತಿ ಹೇಳ್ದೆ."

"ಅವನಿಗೆ ಗೊತ್ತಲ್ರೀ."

"ಗೊತ್ತು. ಆದ್ರೂ ಕತ್ತಿ ಕೆಳಗಿಟ್ಟು ಕೇಳುಸ್ಕಂಡ."

ಅವನ ಒಂದು ಕೆನ್ನೆಯಲ್ಲಿ ನೊರೆ ಇನ್ನೂ ಒಣಗಿ ಅಂಟಿತ್ತು. ಶಾಂತಕುಮಾರಿ ಬಚ್ಚಲಿಗೆ ಬಿಸಿನೀರು ತೋಡಿಕೊಟ್ಟು, ಮುದ್ದೆಗೆ ರಾಗಿ ಹಿಟ್ಟು ಕೂಡಿಸಲು ಒಳಗೆ ಹೋದಳು.