ಬತ್ತೀಸಿನಾಗ ದಮ್ ಇಲ್ಲ

ಒಬ್ಬ ಮನುಷ್ಯನನ್ನು ನಿಲ್ಲಿಸಲು ಎಷ್ಟು ದಪ್ಪದ ಗುಂಡು ಬೇಕು?

ಹೆದರಬೇಡಿ, ನಾನು ಯಾರನ್ನೂ ನಿಲ್ಲಿಸಲು ಹೊರಟಿಲ್ಲ. ಮಿರಜ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ರಿಟೈರ್ ಆದವನು ನಾನು. ಹಿಂದಿನ ಬೆಂಚಿನ ಗಲಾಟೆಯನ್ನೇ ನಿಲ್ಲಿಸಲು ನನ್ನಿಂದ ಆಗಿರಲಿಲ್ಲ. ಈ ಪ್ರಶ್ನೆ ಎದ್ದದ್ದು ಸಾಂಗ್ಲಿಯಲ್ಲಿ, ನನ್ನ ಕಾಕಾನ ಮಗ ಭರತನ ಹೊಸ ಬಂಗಲೆಯಲ್ಲಿ, ಒಂದು ಭಾನುವಾರ ಮಧ್ಯಾಹ್ನ. ಊಟ ಮುಗಿದಿತ್ತು. ಎಲೆ ಅಡಿಕೆಯ ತಟ್ಟೆಯ ಪಕ್ಕದಲ್ಲಿ ಭರತನ ರಿವಾಲ್ವರ್ ಇತ್ತು.

ನಮ್ಮದು ಜೈನರ ಮನೆ. ನೀರು ಸೋಸಿದ ಬಟ್ಟೆಯನ್ನು ನನ್ನ ಅಜ್ಜಿ ಮತ್ತೆ ಬಾವಿಯ ನೀರಿನಲ್ಲೇ ಜಾಲಿಸುತ್ತಿದ್ದಳು. ಬಟ್ಟೆಗೆ ಅಂಟಿದ ಕಣ್ಣಿಗೆ ಕಾಣದ ಜೀವ ತನ್ನ ಮನೆಗೆ ವಾಪಸ್ ಹೋಗಲಿ ಅಂತ. ಆ ಅಜ್ಜಿಯ ಮೊಮ್ಮಗ ರಿವಾಲ್ವರ್ ಕೊಂಡದ್ದು ಯಾಕೆ?

ಸಾಂಗ್ಲಿ-ಮಿರಜ ರಸ್ತೆಯ ಪಕ್ಕ ಅವನಿಗೆ ಹೊಲ ಇತ್ತು. ಎರಡೂ ಊರುಗಳು ಬೆಳೆಯುತ್ತ ಬೆಳೆಯುತ್ತ ಒಂದನ್ನೊಂದು ಮುಟ್ಟಲು ಬಂದವು. ಅರಿಶಿನದ ಹೊಲ ಪ್ಲಾಟ್ ಆಯಿತು, ಪ್ಲಾಟಿನ ಮೇಲೆ ಅಪಾರ್ಟ್‌ಮೆಂಟ್ ಎದ್ದಿತು, ಭರತ ಬಿಲ್ಡರ್ ಆದ. ಜಾಗದ ತಕರಾರಿಗೆ ಯಾರೋ ಫೋನ್ ಮಾಡಿ, ನೋಡ್ಕೋತೀನಿ ಅಂದರು. ಒಂದೇ ಸಲ. (ನನ್ನ ಶಾಲೆಯ ಪಾಲಕರು ವಾರಕ್ಕೆ ಎರಡು ಸಲ ಅನ್ನುತ್ತಿದ್ದರು.) ಭರತ ಲೈಸೆನ್ಸ್ ಮಾಡಿಸಿದ, ರಿವಾಲ್ವರ್ ತಂದ. ಪಾಯಿಂಟ್ ಥರ್ಟಿಟೂ. ನಮ್ಮ ಕಡೆ ಬತ್ತೀಸ್ ಅನ್ನುತ್ತಾರೆ.

"ಬತ್ತೀಸ್ ತಗೊಂಡು ತಪ್ಪ ಮಾಡಿದ್ರಿ ದಾಜಿ," ಅಂದ ಶೀತಲ. ಇವನು ಭರತನ ಹೆಂಡತಿಯ ತಮ್ಮ. ಅಕ್ಕನ ಗಂಡನಿಗೆ ನಮ್ಮಲ್ಲಿ ದಾಜಿ ಅನ್ನುತ್ತಾರೆ. "ಬತ್ತೀಸಿನಾಗ ದಮ್ ಇಲ್ಲ. ಸ್ಟಾಪಿಂಗ್ ಪವರ್ ಇಲ್ಲ."

"ಹಂಗಂದ್ರ?" ಅಂತ ನಾನು ಕೇಳಿದೆ.

"ಹಂಗಂದ್ರ, ಮೈಮ್ಯಾಲ ಬಂದಾಂವ ಗುಂಡು ತಿಂದ್ರೂ ಬರಕೋತನ ಇರ್ತಾನ. ಫಾರ್ಟಿಫೈವ್ ಇದ್ರ? ಒಂದ ಗುಂಡಿಗೆ ಹಿಂದಕ್ಕ ಹಾರಿ ಗ್ವಾಡಿಗೆ ಬಡದು ಬೀಳ್ತಾನ!"

ಶೀತಲನ ಮನೆಗೆ ಕೇಬಲ್ ಬಂದು ಎರಡು ವರ್ಷ ಆಗಿತ್ತು. ಇಂಗ್ಲಿಷ್ ಸಿನೆಮಾದಲ್ಲಿ ಜನ ಹಾಗೆಯೇ ಹಾರಿ ಬೀಳುತ್ತಾರೆ.

"ಅದನ್ನ ನಮಗ ಎಲ್ಲಿ ಕೊಡ್ತಾರೋ?" ಭರತ ಬೇಜಾರಿನಿಂದ ಹೇಳಿದ. "ಪೊಲೀಸರ ಥರ್ಟಿಏಟೂ ಸಿಗಂಗಿಲ್ಲ, ನೈನ್ ಎಂಎಂನೂ ಸಿಗಂಗಿಲ್ಲ. ನಮ್ಮ ಹಣೇಬರಹಕ್ಕ ಇದ ಬತ್ತೀಸ."

ಆಮೇಲೆ ಅರ್ಧ ಗಂಟೆ ಚರ್ಚೆ. ದಪ್ಪಗಿದ್ದು ನಿಧಾನ ಹೋಗುವ ಗುಂಡು ಮೇಲೋ, ಸಣ್ಣದಾಗಿ ಜೋರು ಹೋಗುವ ಗುಂಡು ಮೇಲೋ? ಮೈಯೊಳಗೇ ಉಳಿದ ಗುಂಡು ತನ್ನ ಪೂರಾ ಪವರ್ ಕೊಡುತ್ತದಂತೆ. ಆಚೆ ಹೊರಟು ಹೋದರೆ ವೇಸ್ಟ್ ಅಂತೆ. ಯಾರ ಮೈ? ಅದನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೂ ಮಜಾ ಬರುತ್ತಿತ್ತು.

ಪಕ್ಕದ ಕೋಣೆಯಲ್ಲಿ ಪರಸಪ್ಪ ಫರ್ಶಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ಕೂಡಿಸುತ್ತಿದ್ದ. ಅಥಣಿ ಕಡೆಯವನು. ಮಿರಜದಲ್ಲಿ ಸ್ಟೇಶನ್ನಿನ ಹಿಂದೆ ಮನೆ ಮಾಡಿಕೊಂಡು ಹೆಂಡತಿ, ಮಗಳ ಜೊತೆ ಇದ್ದ. ನೆಲದ ಮೇಲೆ ತುದಿಗಾಲಲ್ಲಿ ಕುಳಿತು, ಬೆರಳಿನ ಗೆಣ್ಣಿನಿಂದ ಮಾರ್ಬಲ್ ತಟ್ಟಿ, ಸಪ್ಪಳ ಕೇಳಿಯೇ ಕೆಳಗೆ ಪೊಳ್ಳು ಇದೆಯೋ ಇಲ್ಲವೋ ಹೇಳುತ್ತಿದ್ದ. ಬೆಳಗಿನಿಂದ ಸಂಜೆಯವರೆಗೆ ಹಾಗೇ ಕುಳಿತು ಕೋಣೆಯ ಉದ್ದಕ್ಕೂ ಸರಿಯುತ್ತಿದ್ದ. ಆ ಎರಡು ಮೊಣಕಾಲುಗಳೇ ಅವನ ಬಂಡವಾಳ. ನಡುವೆ ಪ್ಲೈವುಡ್ ಬಾಗಿಲು ಮುಚ್ಚಿತ್ತು, ಧೂಳು ಬಾರದಿರಲಿ ಅಂತ.

"ಈ ಬತ್ತೀಸ್ ಆ ಬಾಗಲಾ ಸೈತ ದಾಟಂಗಿಲ್ಲ ನೋಡ್ರಿ," ಅಂದ ಶೀತಲ. ಎಲ್ಲರೂ ನಕ್ಕೆವು.

"ಟ್ರಿಗರ್ ಎಷ್ಟ ಬಿಗಿ ಐತಿ ನೋಡು," ಅಂತ ಭರತ ರಿವಾಲ್ವರಿನ ಗುಂಡುಗಳನ್ನು ಟೇಬಲ್ ಮೇಲೆ ಸುರುವಿದ. ಐದು ಬಿದ್ದವು. ಒಳಗೆ ಆರು ಇದ್ದವು. ಅರ್ಧ ಗಂಟೆ ಗುಂಡಿನ ದಪ್ಪ ಅಳೆದ ಮೂವರಲ್ಲಿ ಒಬ್ಬನಾದರೂ ಐದರವರೆಗೆ ಎಣಿಸಲಿಲ್ಲ.

ಭರತ ಬಾಗಿಲ ಕಡೆ ಹಿಡಿದು ಒತ್ತಿದ.

ಸದ್ದಿಗೆ ಕಿವಿ ಮುಚ್ಚಿಹೋಯಿತು. ಬಾಗಿಲಿಗೆ ಬೆರಳು ತೂರದಷ್ಟು ಸಣ್ಣ ತೂತು. ನಾನು ಓಡಿ ಹೋಗಿ ಬಾಗಿಲು ತೆಗೆದೆ. ಪರಸಪ್ಪ ಹಾರಿ ಗೋಡೆಗೆ ಬಡಿದಿರಲಿಲ್ಲ. ತುದಿಗಾಲಲ್ಲಿ ಕುಳಿತವನು ಮೆಲ್ಲಗೆ ಪಕ್ಕಕ್ಕೆ ಒರಗಿದ್ದ, ಅಷ್ಟೇ. ಎರಡೂ ಕೈಯಿಂದ ಬಲಗಡೆಯ ಮೊಣಕಾಲು ಅದುಮಿ ಹಿಡಿದು, ನಮ್ಮ ಮುಖ ನೋಡಿ ಕೇಳಿದ:

"ಏನಾತ್ರೀ, ಸಾಹೇಬ್ರ?"

ಭರತನ ಕಾರಿನಲ್ಲಿ ಮಿರಜಕ್ಕೆ ಓಡಿದೆವು. ಪರಸಪ್ಪನ ಹೆಂಡತಿ ಕಮಲವ್ವ ಸುದ್ದಿ ತಿಳಿದು ನಮ್ಮ ಹಿಂದೆಯೇ ಆಸ್ಪತ್ರೆಗೆ ಬಂದು ಸೇರಿದಳು. ಆಪರೇಶನ್ ಮೂರು ತಾಸು ನಡೆಯಿತು. ನಾವು ಮೂವರು ಕ್ಯಾಂಟೀನಿನಲ್ಲಿ ಕುಳಿತೆವು. ಅಲ್ಲಿ ಏನು ಮಾತು ನಡೆಯಿತು ಗೊತ್ತೇ?

"ನಸೀಬು ಛಲೋ ಇತ್ತು ದಾಜಿ, ಬತ್ತೀಸ್ ಇತ್ತು," ಅಂದ ಶೀತಲ. "ಫಾರ್ಟಿಫೈವ್ ಇದ್ದಿದ್ರ ಕಾಲ ಹೋಗ್ತಿತ್ತು." ಭರತ ಹೌದೆಂದು ತಲೆಯಾಡಿಸಿದ. ಚಹಾ ಮುಗಿಯುವಷ್ಟರಲ್ಲಿ ಇಬ್ಬರ ಮುಖಕ್ಕೂ ಸ್ವಲ್ಪ ಸಮಾಧಾನ ಬಂದಿತ್ತು.

ಸರ್ಜನ್ ಹೊರಗೆ ಬಂದಾಗಲೂ ಶೀತಲ ಬಿಡಲಿಲ್ಲ. ಸಣ್ಣ ಬೋರ್ ಅಲ್ಲವೇ ಡಾಕ್ಟರ್, ಪೆಟ್ಟು ಹಗುರ ಇರಬೇಕಲ್ಲ ಅಂತ ಮರಾಠಿಯಲ್ಲಿ ಕೇಳಿಯೇಬಿಟ್ಟ. ಡಾಕ್ಟರ್ ಮಾಸ್ಕ್ ಇಳಿಸಿದರು. ದೊಡ್ಡ ಗುಂಡು ಹೊಟ್ಟೆಗೆ ತಿಂದು, ತಾನೇ ನಡೆದು ಬಂದು, ಆಸ್ಪತ್ರೆಯ ಚೀಟಿ ಮಾಡಿಸಿ ಸಾಲಿನಲ್ಲಿ ನಿಂತವನನ್ನು ಅವರು ನೋಡಿದ್ದರಂತೆ. ಕಡಲೆಕಾಳಿನಷ್ಟು ಗುಂಡಿಗೆ ಗಾಡಿಯಿಂದ ಇಳಿಸುವುದರೊಳಗೆ ಸತ್ತವನನ್ನೂ ನೋಡಿದ್ದರಂತೆ. "ಎಷ್ಟು ದೊಡ್ಡದು ಅಂತ ನಾವು ಕೇಳುವುದಿಲ್ಲ. ಎಲ್ಲಿ ಬಡಿಯಿತು ಅಂತ ಕೇಳುತ್ತೇವೆ. ಇವನ ಮೊಣಕಾಲಿನ ಕೀಲು ಪುಡಿಯಾಗಿದೆ, ಇನ್ನು ಮಡಚುವುದಿಲ್ಲ. ಏನು ಕೆಲಸ ಮಾಡುತ್ತಾನೆ?"

"ಫರ್ಶಿ ಹಾಕ್ತಾನೆ," ಅಂದೆ ನಾನು.

ಡಾಕ್ಟರ್ ಮಾಸ್ಕ್ ಮತ್ತೆ ಏರಿಸಿಕೊಂಡು ಒಳಗೆ ಹೋದರು.

ಮರುದಿನ ಪರಸಪ್ಪನ ಜವಾಬು, ಅಂದರೆ ಪೊಲೀಸ್ ಹೇಳಿಕೆ, ಬರೆದುಕೊಳ್ಳಲು ಹವಾಲ್ದಾರ ಬಂದ. ಅವನಿಗೆ ಕನ್ನಡ ಬರುವುದಿಲ್ಲ. ಪರಸಪ್ಪನಿಗೆ ಮರಾಠಿ ಅಂದರೆ ಫುಟು, ಇಂಚು, ಸಿಮೆಂಟಿನ ಚೀಲ, ಅಷ್ಟೇ. ನಡುವೆ ದುಭಾಷಿ ಯಾರು? ಎರಡೂ ಬಲ್ಲ ಮಾಸ್ತರ, ನಾನು. ಅಷ್ಟರಲ್ಲಿ ಭರತ ತನ್ನ ಜವಾಬು ಕೊಟ್ಟಾಗಿತ್ತು: ರಿವಾಲ್ವರ್ ಒರೆಸುವಾಗ ಕೈ ಜಾರಿ ಕೆಳಗೆ ಬಿತ್ತು, ಹಾರಿತು. ಈಗ ಮಂಚದ ಕಾಲಗಡೆ ನಿಂತು ನನ್ನನ್ನೇ ನೋಡುತ್ತಿದ್ದ.

ಪರಸಪ್ಪನ ದನಿ ಸಣ್ಣಗಿತ್ತು, ಮಾತು ಸ್ಪಷ್ಟವಾಗಿತ್ತು. "ಒಳಗ ಮಾತಾಡೂದು ಕೇಳಸ್ತಿತ್ರೀ. ಇದು ಬಾಗಲಾ ದಾಟಂಗಿಲ್ಲ ಅಂದ್ರು. ನಕ್ರು. ಟ್ರಿಗರ್ ಬಿಗಿ ಐತಿ ನೋಡು ಅಂದ್ರು. ಆಮ್ಯಾಲ ಢಂ ಅಂತು."

ಹವಾಲ್ದಾರ ಪೆನ್ನು ಹಿಡಿದು ನನ್ನ ಕಡೆ ನೋಡಿದ.

ಒರೆಸುತ್ತಿದ್ದರು, ಕೈ ಜಾರಿ ಬಿತ್ತು ಅನ್ನುತ್ತಾನೆ ಅಂತ ನಾನು ಮರಾಠಿಯಲ್ಲಿ ಹೇಳಿದೆ. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ. ಹವಾಲ್ದಾರ ಹಾಗೆಯೇ ಬರೆದುಕೊಂಡ. ಪರಸಪ್ಪ ಹೆಬ್ಬೆಟ್ಟು ಒತ್ತಿದ. ಮಾಸ್ತರ್ರು ಇದ್ದರು, ಪುಣ್ಯ ಅಂತ ಕಮಲವ್ವ ನನಗೆ ಕೈ ಮುಗಿದಳು.

ಆಸ್ಪತ್ರೆಯ ಖರ್ಚೆಲ್ಲ ಭರತನೇ ನೋಡಿಕೊಂಡ. ಪರಸಪ್ಪನ ಕಾಲು ಈಗ ಕೋಲಿನ ಹಾಗೆ ನೆಟ್ಟಗಿದೆ. ಕುರ್ಚಿಯ ಮೇಲೆ ಕೂರಬಲ್ಲ, ನೆಲಕ್ಕೆ ಕೂರಲಾರ. ಭರತ ಅವನಿಗೆ ತನ್ನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ವಾಚ್‌ಮನ್ ಕೆಲಸ ಕೊಟ್ಟಿದ್ದಾನೆ. 'ಅವನ ಕೈ ನಾ ಬಿಡಲಿಲ್ಲ' ಅಂತ ಭರತ ಹೋದಲ್ಲೆಲ್ಲ ಹೇಳುತ್ತಾನೆ. ಕಾರು ಬಂದಾಗ ವಾಚ್‌ಮನ್ ಲಗೂನೆ ಎದ್ದು ನಿಲ್ಲುವುದಿಲ್ಲ ಅಂತ ಫ್ಲ್ಯಾಟಿನವರು ಕಂಪ್ಲೇಂಟ್ ಮಾಡುತ್ತಾರೆ. ರಿವಾಲ್ವರ್ ಪೊಲೀಸರಿಂದ ವಾಪಸ್ ಬಂದು ಕಪಾಟು ಸೇರಿದೆ. ಶೀತಲ ಈಗಲೂ ಫಾರ್ಟಿಫೈವ್‌ನ ಗುಣಗಾನ ಮಾಡುತ್ತಾನೆ. ಬತ್ತೀಸ್ ಬಾಗಿಲನ್ನೂ ದಾಟಿತು, ಒಬ್ಬ ಮನುಷ್ಯನನ್ನೂ ಜೀವಮಾನಕ್ಕೆ ನಿಲ್ಲಿಸಿತು ಅಂತ ಅವನಿಗೆ ಯಾರು ಹೇಳಬೇಕು?

ಹೋದ ವಾರ ನಾನು ಆ ಕಡೆ ಹೋಗಿದ್ದೆ. ಖಾಕಿ ಅಂಗಿ ಹಾಕಿದ್ದ ಪರಸಪ್ಪ ನನ್ನನ್ನು ನೋಡಿ ಗೇಟು ಹಿಡಿದು ಏಳಲು ನೋಡಿದ. ಬ್ಯಾಡ ಬ್ಯಾಡ ಅಂದೆ. ಮನೆಯವರ ಸುದ್ದಿ ಕೇಳಿದೆ. ಮಗಳು ಮರಾಠಿ ಶಾಲೆಯಲ್ಲಿ ಒಂಬತ್ತನೇ ಕ್ಲಾಸಿಗೆ ಬಂದಿದ್ದಾಳಂತೆ, ಓದುವುದರಲ್ಲಿ ಚುರುಕಂತೆ.

"ಮಾಸ್ತರ್ರ, ಒಂದ ಮಾತ ಕೇಳ್ಲ್ಯಾ?"

"ಕೇಳಪಾ."

"ದವಾಖಾನಿ ಕಾಗದದಾಗ ಪೊಲೀಸರದೂ ಒಂದ ನಕಲ ಇತ್ರೀ. ಮಗಳು ಓದಿ ಹೇಳಿದ್ಲು. ನಾ ಹೇಳಿದ್ದ ಬ್ಯಾರೆ, ಅದರಾಗ ಬರದದ್ದ ಬ್ಯಾರೆ ಐತಿ." ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ನಾನು ಬಾಯಿ ತೆಗೆಯುವ ಮೊದಲೇ ಅವನೇ ಮುಂದುವರಿಸಿದ: "ಅವತ್ತ ಗದ್ದಲ ಭಾಳ ಇತ್ತು. ನಮ್ಮ ಅಥಣಿ ಕಡೀ ಮಾತ ನಿಮಗ ತಿಳೀಲಿಲ್ಲ ಕಾಣಸ್ತೈತಿ. ಹೌದಲ್ರೀ?"

"ಹೌದಪಾ," ಅಂದೆ. "ತಿಳೀಲಿಲ್ಲ."

ನಿಮಗಾದರೂ ತಿಳಿಯಿತಲ್ಲ?